ಕಿರಿದಾದ ಬಂಡಿಯಲ್ಲಿ ಕಿವಿಯ ಪಾಲು

ಮೂರು ಚಕ್ರದ ವಾಹನವೆಂದೊಡನೆ ನಮ್ಮ ನಾಡಿನವರ ಮನಸ್ಸಿಗೆ ಮೊದಲು ಬರುವುದು ಆಟೋರಿಕ್ಷಾ. ಅದು ಸಹಜ. ಆದರೆ ಈ ಹೊತ್ತು ನಾನು ತಮ್ಮ ಮುಂದಿಡಲಿರುವುದು ಅದರ ದಾಯಾದಿಯಾದ ಬೇರೊಂದು ವಾಹನದ ವಿಷಯ. ಬಾಗಿಲು, ಗಾಜು, ಛಾವಣಿಗಳಿಂದ ಸಂಪೂರ್ಣವಾಗಿ ಮುಚ್ಚಲ್ಪಟ್ಟು, ಒಬ್ಬರ ಹಿಂದೆ ಒಬ್ಬರಂತೆ ಇಬ್ಬರಿಗೆ ಮಾತ್ರ ಸ್ಥಳವಿದ್ದು, ಕಾರಿನ ಸೌಖ್ಯವನ್ನು ಮೋಟಾರ್ ಸೈಕಲ್ಲಿನ ವೆಚ್ಚದಲ್ಲಿ ಒದಗಿಸುವೆನೆಂದು ಹೊರಟ ಕಿರಿದಾದ ತ್ರಿಚಕ್ರ ಕಾರಿನ ವಿಷಯ. ಅದರಲ್ಲಿಯೂ ನನ್ನ ಪ್ರಶ್ನೆ ಒಂದೇ. ಅಂಥ ಬಂಡಿಯೊಳಗೆ ಕುಳಿತವನ ಕಿವಿಗೆ ಎಷ್ಟು ಸುಖ ಸಲ್ಲಬೇಕು, ಆ ಸುಖಕ್ಕಾಗಿ ಅವನ ಪ್ರಾಣರಕ್ಷಣೆಯ ಪಾಲಿನಿಂದ ಎಷ್ಟನ್ನು ಕಳೆಯಬಹುದು?

ಬಂಡಿಯನ್ನು ತಾವು ಕಾಣಲಾರಿರಿ. ಆದ್ದರಿಂದ ಅದನ್ನು ಮಾತಿನಲ್ಲಿಯೇ ಕಟ್ಟಿಕೊಡಬೇಕಾಗಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ವಿಮಾನಗಳನ್ನು ನಿರ್ಮಿಸುವುದು ನಿಷಿದ್ಧವಾಯಿತು. ಯುದ್ಧವಿಮಾನಗಳಿಂದ ಹೆಸರಾಗಿದ್ದ ಮೆಸ್ಸರ್‌ಸ್ಮಿಟ್ ಸಂಸ್ಥೆಗೆ ಕೆಲಸವಿಲ್ಲದಂತಾಯಿತು. ಅದೇ ಕಾಲದಲ್ಲಿ, ಯುದ್ಧದಲ್ಲಿ ಕಾಲು ಕಳೆದುಕೊಂಡವರಿಗೆಂದು ಸಣ್ಣ ಮುಚ್ಚಿದ ಬಂಡಿಗಳನ್ನು ಮಾಡುತ್ತಿದ್ದ ಫ್ರಿಟ್ಸ್ ಫೆಂಡ್ ಎಂಬ ಎಂಜಿನಿಯರು ಆ ಸಂಸ್ಥೆಯೊಡನೆ ಕೂಡಿಕೊಂಡು, ರೇಗನ್ಸ್‌ಬರ್ಗ್ ನಗರದ ಕಾರ್ಖಾನೆಯಲ್ಲಿ 1953ರಲ್ಲಿ ಕೆಆರ್ 175 ಎಂಬ ತ್ರಿಚಕ್ರವನ್ನೂ, 1955ರಲ್ಲಿ ಅದಕ್ಕಿಂತ ಸುಧಾರಿಸಿದ ಕೆಆರ್ 200 ಎಂಬುದನ್ನೂ ಹೊರತಂದನು. ಈ ಎರಡನೆಯದರ ಉದ್ದ ಮೂರು ಮೀಟರಿಗೆ ತುಸು ಕಡಮೆ. ಅಗಲ ಸುಮಾರು ಒಂದೂಕಾಲು ಮೀಟರು. ಎತ್ತರ ನಿಂತ ಮನುಷ್ಯನ ಎದೆಗಿಂತ ಹೆಚ್ಚಿಲ್ಲ. ಮುಂದೆ ಎರಡು ಚಕ್ರ, ಹಿಂದೆ ಒಂದು. ಮೇಲೆ ವಿಮಾನದ್ದನ್ನು ಹೋಲುವ ಪಾರದರ್ಶಕವಾದ ಗುಮ್ಮಟ. ಅದನ್ನು ಪಕ್ಕಕ್ಕೆ ಮಗುಚಿ ಒಳಗಿಳಿಯಬೇಕು. ತೂಕ 230 ಕಿಲೋಗ್ರಾಂ ಆಸುಪಾಸು. ಹಿಂದಿನ ಆಸನದ ಬೆನ್ನಿಗೇ ಹತ್ತು ಅಶ್ವಶಕ್ತಿಯ, ಒಂದೇ ಸಿಲಿಂಡರಿನ, ಎರಡು ಹೊಡೆತದ ಎಂಜಿನ್. ಇಷ್ಟರಲ್ಲೇ ಬಂಡಿ ಗಂಟೆಗೆ 90 ಕಿಲೋಮೀಟರ್ ಓಡುತ್ತಿತ್ತು. ಹಿಂದಕ್ಕೆ ಹೋಗಬೇಕಾದರೆ ಎಂಜಿನ್ನನ್ನು ನಿಲ್ಲಿಸಿ, ಅದನ್ನೇ ವಿರುದ್ಧ ದಿಕ್ಕಿಗೆ ತಿರುಗುವಂತೆ ಚಾಲೂ ಮಾಡಬೇಕು. ಆದಕಾರಣ ಮುಂದಕ್ಕಿದ್ದ ನಾಲ್ಕು ಗೇರುಗಳೂ ಹಿಂದಕ್ಕೂ ಉಂಟು. ಹಿಮ್ಮುಖವಾಗಿ ನಾಲ್ಕನೆಯ ಗೇರಿನಲ್ಲಿ ಓಡುವ ಧೈರ್ಯ ಯಾರಿಗಿತ್ತೋ ನಾನರಿಯೆ.

ಈಗ ಆ ಗುಮ್ಮಟದೊಳಗೆ ಕಿವಿಗೊಡೋಣ. ಎರಡು ಹೊಡೆತದ ಎಂಜಿನ್ ಪ್ರತಿಯೊಂದು ಸುತ್ತಿಗೂ ಒಮ್ಮೆ ಸಿಡಿಯುತ್ತದೆ. ಅದು ನಿಮಿಷಕ್ಕೆ 5000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 80 ಸಿಡಿತಗಳಾಗುತ್ತವೆ. ಕಿವಿಗೆ ಅದು ಬಿಡಿಬಿಡಿಯಾದ ಸದ್ದಲ್ಲ, ಒಂದು ತಗ್ಗಿದ ಸ್ವರದ ನಿರಂತರ ಗುಂಗು. ಇನ್ನೊಂದು ಲೆಕ್ಕವನ್ನು ನೋಡಿರಿ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಎರಡು ಮೀಟರ್ ಉದ್ದದ ಮುಚ್ಚಿದ ಕೋಣೆಯೊಂದರಲ್ಲಿ ಉದ್ದಕ್ಕೆ ಹೋಗಿ ಬರುವ ಶಬ್ದದ ಅತ್ಯಂತ ತಗ್ಗಿನ ಅನುರಣನ ಸೆಕೆಂಡಿಗೆ 85 ಸ್ಪಂದನಗಳಷ್ಟು. ಎಂಜಿನ್ನಿನ ಗುಂಗೂ ಕೋಣೆಯ ಅನುರಣನವೂ ಹೀಗೆ ಸಮೀಪಕ್ಕೆ ಬಂದರೆ ಒಂದು ಇನ್ನೊಂದನ್ನು ಪೋಷಿಸುತ್ತದೆ. ಅಂಥ ಅನುರಣನದ ಒತ್ತಡ ಕೋಣೆಯ ಎರಡು ತುದಿಗಳಲ್ಲಿ ಅಧಿಕ, ನಡುವೆ ಕನಿಷ್ಠ. ಅರ್ಥಾತ್, ನಡುವಿನ ಕಡೆಗೆ ಕುಳಿತ ಚಾಲಕನಿಗೆ ಬಂಡಿ ತಕ್ಕಮಟ್ಟಿಗೆ ಶಾಂತವೆಂದು ತೋರುತ್ತಿರುವಾಗಲೇ, ಹಿಂಗೋಡೆಗೆ ತಲೆಯಾನಿಸಿದ ಸಹಪ್ರಯಾಣಿಕನ ಕಿವಿ ತುಂಬಿಹೋಗಿರಬಹುದು. ಇಂಥ ಬಂಡಿಗಳನ್ನು ಹೊಗಳುವವರಲ್ಲಿ ಚಾಲಕರೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣವಿರಲಾರದೆ?

ಬಂಡಿ ಹಗುರ, ಕಿರಿದು, ಎಂಜಿನ್ನಿಗೆ ಸಮೀಪ ಎಂಬಷ್ಟನ್ನು ಕಂಡೆವು. ಹಾಗಾದರೆ ಶಬ್ದವನ್ನು ಹೊರಗೇ ತಡೆದರಾಗದೆ? ಇಲ್ಲಿ ಮೊದಲ ಅಡ್ಡಿ ಎದುರಾಗುತ್ತದೆ.

ಶಬ್ದವನ್ನು ತಡೆಯುವುದು ಗೋಡೆಯ ತೂಕ. ತೆಳುವಾದ ತಗಡು, ಖಂಜಿರದ ಚರ್ಮದಂತೆ, ತನ್ನ ಮೇಲೆ ಬಿದ್ದ ಒತ್ತಡಕ್ಕೆಲ್ಲ ಅದುರಿ ಅದನ್ನು ಒಳಗಡೆಗೆ ದಾಟಿಸಿಬಿಡುತ್ತದೆ. ಗೋಡೆಯ ತೂಕವನ್ನು ಇಮ್ಮಡಿಗೊಳಿಸಿದರೆ ಒಳಬರುವ ಶಬ್ದ ಹೆಚ್ಚೆಂದರೆ ಆರು ಡೆಸಿಬೆಲ್ಲಿನಷ್ಟು ಇಳಿಯುತ್ತದೆಂದು ಧ್ವನಿಶಾಸ್ತ್ರ ಹೇಳುತ್ತದೆ. ಆದರೆ ನಮ್ಮ ಕಿವಿಗೆ ಸದ್ದು ಅರ್ಧಕ್ಕೆ ಇಳಿಯಿತೆಂದು ತೋರಬೇಕಾದರೆ ಹತ್ತು ಡೆಸಿಬೆಲ್ ಇಳಿಯಬೇಕು. ಬಂಡಿಯ ಕವಚವು ಆರು ಚದರ ಮೀಟರೆಂದೂ, ಅದರ ತಗಡು ಚದರ ಮೀಟರಿಗೆ ಆರು ಕಿಲೋ ಎಂದೂ ಇಟ್ಟುಕೊಳ್ಳಿರಿ. ಆ ಅಲ್ಪಫಲಕ್ಕಾಗಿ ನಾವು ಹೇರಬೇಕಾದದ್ದು ಸುಮಾರು 35 ಕಿಲೋ. ಇಡೀ ಬಂಡಿಯ ತೂಕದಲ್ಲಿ ಆರು ಏಳು ಪಾಲಿನಲ್ಲೊಂದು ಪಾಲು. ಹತ್ತು ಅಶ್ವಶಕ್ತಿಯ ಎಂಜಿನ್ನಿಗೆ ಅದು ಹಗುರವಾದ ಹೊರೆಯಲ್ಲ. ಅಷ್ಟಾದರೂ ತಗ್ಗಿದ ಸ್ವರದ ಗುಂಗು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಏಕೆಂದರೆ ಸ್ವರ ತಗ್ಗಿದಷ್ಟೂ ತೂಕದ ತಡೆ ದುರ್ಬಲ.

ಕೆಲವು ದೇಶಗಳಲ್ಲಿ ತೂಕಕ್ಕೆ ಕಾಯಿದೆಯ ಕಟ್ಟೂ ಇದ್ದಿತು. ಇಂಗ್ಲೆಂಡಿನಲ್ಲಿ ಸುಮಾರು 400 ಕಿಲೋಗ್ರಾಮಿನೊಳಗಿನ ತ್ರಿಚಕ್ರಕ್ಕೆ ಮೋಟಾರ್ ಸೈಕಲ್ಲಿನ ಕಡಮೆ ತೆರಿಗೆ. ಅದನ್ನು ಓಡಿಸಲು ಮೋಟಾರ್ ಸೈಕಲ್ಲಿನ ಪರವಾನಗಿಯೇ ಸಾಕಾಗಿತ್ತು. ಈ ರಿಯಾಯಿತಿಗಾಗಿಯೇ ಮೂಲತಃ ಇಟಲಿಯದಾದ ಇಸೆಟ್ಟಾ ಕಾರಿನ ಮೂರು ಚಕ್ರದ ರೂಪವನ್ನು ಬ್ರೈಟನ್ ನಗರದಲ್ಲಿ ನಿರ್ಮಿಸಿದರು. ಟ್ಯಾಮ್‌ವರ್ತ್ ಪಟ್ಟಣದ ರಿಲಯಂಟ್ ಕಂಪನಿಯವರು ತಮ್ಮ ಬಂಡಿಗಳಿಗೆ ಗಾಜುನಾರಿನ, ಅಂದರೆ ಫೈಬರ್‌ಗ್ಲಾಸಿನ ಕವಚ ತೊಡಿಸಿದರು. ನಮ್ಮ ಬೆಂಗಳೂರಿನಲ್ಲಿಯೂ 1970ರ ದಶಕದಲ್ಲಿ, ಮುಂದೆ ಸಿಪಾನಿ ಎಂದು ಹೆಸರಾದ ಸಂಸ್ಥೆಯವರು ‘ಬಾದಲ್’ ಎಂಬ ಮೂರು ಚಕ್ರದ ಕಾರೊಂದನ್ನು ತಯಾರಿಸಿದರೆಂಬುದು ತಮ್ಮಲ್ಲಿ ಹಿರಿಯರಾದವರಿಗೆ ನೆನಪಿದ್ದೀತು. ಗಾಜುನಾರಿನ ಮೈ, ಹಿಂದುಗಡೆ ಸುಮಾರು 200 ಸಿಸಿಯ ಎರಡು ಹೊಡೆತದ ಎಂಜಿನ್, ಮುಂದೆ ಒಂದೇ ಚಕ್ರ. ಅದು ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುವ ಕಿರಿದಾದ ಬಂಡಿಯಲ್ಲವಾದ್ದರಿಂದ ನಮ್ಮ ವಿಷಯಕ್ಕೆ ನೇರವಾಗಿ ಸೇರಿದುದಲ್ಲ. ಆದರೂ ಹಗುರವಾದ ಕವಚ ಮತ್ತು ಬೆನ್ನಿಗಂಟಿದ ಎಂಜಿನ್ ಎಂಬ ಸಂಸಾರ ಕನ್ನಡನಾಡಿಗೂ ಅಪರಿಚಿತವಾಗಿರಲಿಲ್ಲವೆಂದು ಹೇಳಲು ಅದನ್ನು ನೆನೆದೆ.

ತೂಕದಿಂದ ಶಬ್ದವನ್ನು ಗೆಲ್ಲುವುದು ಈ ಬಂಡಿಗೆ ಕಷ್ಟಸಾಧ್ಯ ಎಂಬುದು ಸಿದ್ಧವಾಯಿತು. ತೂಕವಿಲ್ಲದೆ ಗೆಲ್ಲುವ ದಾರಿಯೊಂದುಂಟು. ಅದು ಬಿರುಕು ಮುಚ್ಚುವುದು. ಗೋಡೆ ಎಷ್ಟೇ ದಪ್ಪವಾಗಿರಲಿ, ಅದರ ನೂರರಲ್ಲೊಂದು ಭಾಗ ತೆರೆದಿದ್ದರೆ ಇಪ್ಪತ್ತು ಡೆಸಿಬೆಲ್ಲಿಗಿಂತ ಹೆಚ್ಚಿನ ತಡೆ ಅದರಿಂದ ದೊರೆಯದು. ಬಾಗಿಲಿನ ಅಂಚಿನ ರಬ್ಬರು ಪಟ್ಟಿಗೆ ಒಂದೆರಡು ಕಿಲೋ ತೂಕವೂ ಬೇಕಾಗದು. ಆದರೆ ಬಿಸಿಲಿಗೆ ಕಾದ ಪಾರದರ್ಶಕ ಗುಮ್ಮಟದ ಕೆಳಗೆ ಬಿರುಕುಗಳನ್ನೆಲ್ಲ ಮುಚ್ಚಿಕೊಂಡು ಕೂರುವವನು ಸಂಗೀತವನ್ನು ಆಲಿಸುವ ಸ್ಥಿತಿಯಲ್ಲಿರುವುದಿಲ್ಲ. ಅವನು ಕಿಟಕಿ ತೆರೆಯುತ್ತಾನೆ. ತೆರೆದ ಮೇಲೆ ರಬ್ಬರಿನ ಪುಣ್ಯವೆಲ್ಲ ಗಾಳಿಗೆ ಹೋಯಿತು.

ಇದುವರೆಗೆ ಬೇಡದ ಶಬ್ದದ ಮಾತಾಯಿತು. ಇನ್ನು ಬೇಕಾದ ಶಬ್ದಕ್ಕೆ ಬರೋಣ. ರೇಡಿಯೋದಿಂದಲೋ ಬೇರೆ ಯಂತ್ರದಿಂದಲೋ ಬರುವ ಸಂಗೀತದ ವಿಷಯದಲ್ಲಿ ಈ ಬಡ ಬಂಡಿ ಮಹಾಮೌಲ್ಯದ ಕಾರುಗಳಿಗಿಂತಲೂ ಭಾಗ್ಯಶಾಲಿ ಎಂದರೆ ತಮಗೆ ಆಶ್ಚರ್ಯವಾದೀತು.

ಎರಡು ಧ್ವನಿವರ್ಧಕಗಳಿಂದ ಶಬ್ದಕ್ಕೆ ದಿಕ್ಕನ್ನೂ ವಿಸ್ತಾರವನ್ನೂ ಕೊಡುವ ಸ್ಟೀರಿಯೋ ವಿಧಾನಕ್ಕೆ ಇಂಗ್ಲೆಂಡಿನ ಅಲನ್ ಬ್ಲಮ್‌ಲೀನ್ 1931ರಲ್ಲಿ ಪೇಟೆಂಟ್ ಕೋರಿದನು. ಆ ವಿಧಾನದ ಷರತ್ತೊಂದೇ: ಕೇಳುವವನು ಎರಡಕ್ಕೂ ಸಮದೂರದಲ್ಲಿರಬೇಕು. ಸಾಧಾರಣ ಕಾರಿನಲ್ಲಿ ಚಾಲಕ ಒಂದು ಪಕ್ಕಕ್ಕೆ ಕುಳಿತಿರುತ್ತಾನೆ. ಹತ್ತಿರದ ಧ್ವನಿವರ್ಧಕಕ್ಕಿಂತ ದೂರದ್ದು ಅವನಿಗೆ ಅರ್ಧ ಮೀಟರಿನಷ್ಟು ಆಚೆಗಿದ್ದರೆ, ಅದರ ಶಬ್ದ ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದೂವರೆ ಪಾಲಿನಷ್ಟು ತಡವಾಗಿ ತಲಪುತ್ತದೆ. ಇಷ್ಟು ಅಲ್ಪವಾದ ತಡದಿಂದೇನೆಂದು ಕೇಳಬೇಡಿರಿ. ಮೊದಲು ಬಂದ ಶಬ್ದದ ದಿಕ್ಕನ್ನೇ ಕಿವಿ ನಂಬುತ್ತದೆ, ತರುವಾಯ ಬಂದುದನ್ನು ಅದರಲ್ಲೇ ಸೇರಿಸಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರ ಸುಮಾರಿನಲ್ಲಿ ಪ್ರಯೋಗದಿಂದ ತೋರಿಸಿದನು. ಆದಕಾರಣ ಕಚೇರಿಯ ಹಾಡುಗಾರ, ಪಿಟೀಲು, ಮೃದಂಗ ಎಲ್ಲವೂ ಚಾಲಕನ ಪಕ್ಕದ ಬಾಗಿಲಿನೊಳಗೆ ಹೋಗಿ ಸೇರಿಕೊಂಡಂತೆ ಕೇಳುತ್ತದೆ. ದೊಡ್ಡ ಕಾರುಗಳಲ್ಲಿ ಇದನ್ನು ಸರಿಪಡಿಸಲು ಹತ್ತಿರದ ಶಬ್ದವನ್ನು ಬೇಕೆಂದೇ ತಡಮಾಡುವ ವಿದ್ಯುನ್ಮಾನ ಸಾಧನಗಳನ್ನು ಅಳವಡಿಸುತ್ತಾರೆ. ಆಗ ಪಕ್ಕದಲ್ಲಿ ಕುಳಿತವನ ಪಾಲಿಗೆ ಅದು ಮತ್ತಷ್ಟು ಕೆಡುತ್ತದೆ.

ನಮ್ಮ ಕಿರಿದಾದ ಬಂಡಿಯಲ್ಲಾದರೋ ಚಾಲಕ ಕುಳಿತಿರುವುದೇ ಮಧ್ಯರೇಖೆಯ ಮೇಲೆ. ಎಡಬಲಗಳೆರಡೂ ಅವನಿಗೆ ಸಮಾನ. ಯಾವ ಸಾಧನವೂ ಇಲ್ಲದೆ, ಯಾವ ವೆಚ್ಚವೂ ಇಲ್ಲದೆ, ಹಾಡುಗಾರ ಕಣ್ಣೆದುರಿಗೇ ಬಂದು ಕೂರುತ್ತಾನೆ. ಕೋಣೆ ಸಣ್ಣದಾದ್ದರಿಂದ ತಗ್ಗಿದ ಸ್ವರಗಳನ್ನು ತುಂಬಿಸಲು ಸಣ್ಣ ಧ್ವನಿವರ್ಧಕವೇ ಸಾಕಾಗುತ್ತದೆ. ಹಿಂದೆ ಕುಳಿತವನೂ ಮಧ್ಯರೇಖೆಯಲ್ಲೇ ಇದ್ದಾನೆ, ನಿಜ. ಆದರೆ ಅವನಿಗೂ ಸಂಗೀತಕ್ಕೂ ನಡುವೆ ಚಾಲಕನ ತಲೆಯೂ ಆಸನವೂ ಅಡ್ಡ. ಹೆಚ್ಚಿನ ಸ್ವರಗಳು ಅಲ್ಲಿಯೇ ತಡೆಯುತ್ತವೆ. ಪ್ರಾಸಂಗಿಕವಾಗಿ ಒಂದು ಮಾತು: ನಮ್ಮ ಆಟೋರಿಕ್ಷಾದ ಚಾಲಕನೂ ನಟ್ಟನಡುವೆ ಕುಳಿತವನೇ. ಆದರೆ ಬೆಂಗಳೂರಿನ ಆಟೋಗಳಲ್ಲಿ ಧ್ವನಿವರ್ಧಕಗಳನ್ನು ಸಾಮಾನ್ಯವಾಗಿ ಪ್ರಯಾಣಿಕರ ತಲೆಯ ಹಿಂದೆ ಜೋಡಿಸುವುದರಿಂದ, ಡಾಕ್ಟರ್ ರಾಜ್‌ಕುಮಾರರ ಹಾಡು ಚಾಲಕನಿಗೆ ಬೆನ್ನಿನ ಕಡೆಯಿಂದಲೂ, ಬಾಡಿಗೆ ಕೊಟ್ಟವರಿಗೆ ತೀರ ಕಿವಿಯೊಳಕ್ಕೂ ಬರುತ್ತದೆ.

ನಡುವಿನ ಆಸನ ಕಿವಿಗೆ ವರವೆಂಬುದನ್ನು ಒಪ್ಪಿಕೊಂಡೆವು. ಅದೇ ಆಸನ ದೇಹಕ್ಕೂ ವರ. ಇಲ್ಲಿಯೇ ವಿವಾದ ಹುಟ್ಟುವುದು. ಆದ್ದರಿಂದ ತುಸು ನಿಧಾನವಾಗಿ ನೋಡೋಣ.

ಪಕ್ಕದಿಂದ ಇನ್ನೊಂದು ವಾಹನ ಬಂದು ಬಡಿಯಿತೆಂದು ಭಾವಿಸಿರಿ. ಮುಂದಿನಿಂದ ಬಡಿದರೆ ಕುಗ್ಗಿ ಪೆಟ್ಟನ್ನು ನುಂಗಿಕೊಳ್ಳಲು ಬಂಡಿಯ ಮೂತಿಯಾದರೂ ಇರುತ್ತದೆ; ಪಕ್ಕದಲ್ಲಿ ಇರುವುದು ಬಾಗಿಲು ಮಾತ್ರ. ಬಾಗಿಲಿಗೂ ಭುಜಕ್ಕೂ ನಡುವೆ ಇರುವ ಅಂತರವೇ ಆಗ ಪ್ರಾಣದ ಬೆಲೆಯುಳ್ಳದ್ದು. ಬಂಡಿಯ ಮೈ ಒಂದು ಮೀಟರ್ ಅಗಲವಾಗಿದ್ದು ಚಾಲಕನ ಭುಜಗಳ ಅಗಲ ಅರ್ಧ ಮೀಟರಾದರೆ, ನಡುವೆ ಕುಳಿತವನಿಗೆ ಎರಡು ಪಕ್ಕದಲ್ಲಿಯೂ ತಲಾ 25 ಸೆಂಟಿಮೀಟರ್ ಉಳಿಯುತ್ತದೆ. ಕಿರಿದಾದ ಬಂಡಿಗೆ ಇದು ಅನಿರೀಕ್ಷಿತವಾದ ಔದಾರ್ಯ. ಇಬ್ಬರನ್ನು ಅಕ್ಕಪಕ್ಕ ಕೂರಿಸಿದ್ದರೆ ಇದರಲ್ಲಿ ಏನೂ ಉಳಿಯುತ್ತಿರಲಿಲ್ಲ. ಆ 25 ಸೆಂಟಿಮೀಟರಿನಲ್ಲಿ ಪೆಟ್ಟನ್ನು ತಡೆಯುವ ಉಕ್ಕಿನ ಅಡ್ಡಪಟ್ಟಿ, ಕುಗ್ಗಿಕೊಳ್ಳುವ ಮೆತ್ತೆ, ಸಾಧ್ಯವಾದರೆ ಗಾಳಿಚೀಲ ಇವೆಲ್ಲ ಇರಬೇಕು. ಧ್ವನಿವರ್ಧಕವನ್ನು ಕೂರಿಸುವವನ ಕಣ್ಣು ಬೀಳುವುದೂ ಅದೇ ಸ್ಥಳದ ಮೇಲೆಯೇ. ಬಾಗಿಲಿನ ಟೊಳ್ಳು ಅವನಿಗೆ ಸಿದ್ಧವಾದ ಪೆಟ್ಟಿಗೆ. ಆದರೆ ಧ್ವನಿವರ್ಧಕದ ಹಿಂದೆ ಗಟ್ಟಿಯಾದ ಅಯಸ್ಕಾಂತವೊಂದಿದೆ. ಅದು ಕುಗ್ಗುವ ವಸ್ತುವಲ್ಲ. ಕುಗ್ಗಬೇಕಾದ ಜಾಗದಲ್ಲಿ ಕುಗ್ಗದ ಗಟ್ಟಿಯನ್ನಿಟ್ಟರೆ ಅಪಘಾತದ ಗಳಿಗೆಯಲ್ಲಿ ಅದು ಪಕ್ಕೆಲುಬಿನ ಕಡೆಗೇ ಬರುತ್ತದೆ. ಬಾಗಿಲಿನ ಒಳಪಟ್ಟಿಯನ್ನು ವೃತ್ತಾಕಾರವಾಗಿ ಕತ್ತರಿಸಿದ್ದರಿಂದ ಬಾಗಿಲಿನ ಬಿಗಿಯೂ ಅಷ್ಟರಮಟ್ಟಿಗೆ ಕಡಮೆ. ಬಾಗಿಲಿನಲ್ಲಿ ಧ್ವನಿವರ್ಧಕಕ್ಕೆ ಸ್ಥಳವಿಲ್ಲವೆಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

ಬಾಗಿಲು ಬೇಡವಾಯಿತು. ಹಾಗಾದರೆ ಹಿಂದೆ, ಕೆಳಗೆ, ಮೇಲೆ? ಇದಕ್ಕೆ ಉತ್ತರ ಹೇಳಬೇಕಾದರೆ ಮೂರು ಚಕ್ರಗಳ ನಿಲುವನ್ನು ತಿಳಿಯಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ತ್ರಿಕೋಣವನ್ನು ಬರೆದಂತೆ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಿರಿ. ಮೂರು ಮೂಲೆಗಳಲ್ಲಿ ಮೂರು ಚಕ್ರಗಳು. ಬಂಡಿಯ ಭಾರವೆಲ್ಲ ಕೇಂದ್ರೀಕರಿಸುವ ಬಿಂದುವಿನಿಂದ ನೇರವಾಗಿ ಕೆಳಕ್ಕೆ ಬಿಟ್ಟ ಗೆರೆ ಆ ತ್ರಿಕೋಣದೊಳಗೆ ಬೀಳುವವರೆಗೆ ಬಂಡಿ ನಿಂತಿರುತ್ತದೆ. ತಿರುವಿನಲ್ಲಿ ವೇಗವು ಆ ಗೆರೆಯನ್ನು ಹೊರಕ್ಕೆ ತಳ್ಳುತ್ತದೆ. ತ್ರಿಕೋಣ ಅಗಲವಾಗಿರುವುದು ಎರಡು ಚಕ್ರಗಳಿರುವ ಕಡೆ. ಒಂಟಿ ಚಕ್ರದ ಕಡೆಗೆ ಹೋದಂತೆ ಅದು ಕಿರಿದಾಗುತ್ತದೆ. ಒಂಟಿ ಚಕ್ರ ಮುಂದಿದ್ದರೆ, ತಿರುವಿನಲ್ಲಿ ಬ್ರೇಕು ಹಾಕಿದಾಗ ಭಾರವು ಆ ಕಿರಿದಾದ ಕಡೆಗೇ ನುಗ್ಗುವುದರಿಂದ ಮಗುಚುವ ಭಯ ಅಧಿಕ. ಮೆಸ್ಸರ್‌ಸ್ಮಿಟ್ಟಿನಂತೆ ಎರಡು ಚಕ್ರ ಮುಂದಿದ್ದರೆ ಬ್ರೇಕಿನ ವೇಳೆಯಲ್ಲಿ ಬಂಡಿ ಸ್ಥಿರ. ಆದರೆ ಹಿಂದುಗಡೆಗೆ ಭಾರ ಹೇರಿದಷ್ಟೂ ಆ ಸ್ಥೈರ್ಯ ಕರಗುತ್ತದೆ.

ಒಂದು ಅಂದಾಜು ಕೊಡುತ್ತೇನೆ. ಮುಂದಿನ ಎರಡು ಚಕ್ರಗಳ ನಡುವೆ 120 ಸೆಂಟಿಮೀಟರ್ ಅಂತರವಿದ್ದು, ಭಾರದ ಕೇಂದ್ರ ಹಿಂದಿನ ಚಕ್ರದಿಂದ ಮುಂದಕ್ಕೆ ಮೂರರಲ್ಲಿ ಎರಡು ಪಾಲು ದೂರದಲ್ಲಿದ್ದರೆ, ಅಲ್ಲಿ ತ್ರಿಕೋಣದ ಅರ್ಧ ಅಗಲ 40 ಸೆಂಟಿಮೀಟರ್. ಕೇಂದ್ರದ ಎತ್ತರ 50 ಸೆಂಟಿಮೀಟರಾದರೆ, ತನ್ನ ತೂಕದ ಸುಮಾರು ನೂರಕ್ಕೆ ಎಂಬತ್ತರಷ್ಟು ಅಡ್ಡಬಲವನ್ನು ಬಂಡಿ ಮಗುಚದೆ ತಾಳಬಲ್ಲದು. ಕೇಂದ್ರವು ಐದೇ ಸೆಂಟಿಮೀಟರ್ ಮೇಲೇರಿದರೆ ಎಂಬತ್ತು ಎಪ್ಪತ್ತಮೂರಕ್ಕೆ ಇಳಿಯುತ್ತದೆ. ಛಾವಣಿಗೆ ಅಂಟಿಸಿದ ಶಬ್ದನಿರೋಧಕ ಮೆತ್ತೆ ಕೇಂದ್ರವನ್ನು ಮೇಲಕ್ಕೆತ್ತುತ್ತದೆ. ಹಿಂದಿನ ಚಕ್ರದ ಮೇಲಿಟ್ಟ ತಗ್ಗುಸ್ವರದ ಭಾರಿ ಪೆಟ್ಟಿಗೆಯೂ ಅದರ ಆಂಪ್ಲಿಫೈಯರೂ ಕೇಂದ್ರವನ್ನು ಹಿಂದಕ್ಕೆಳೆಯುತ್ತವೆ. ನಾಲ್ಕು ಚಕ್ರದ ದೊಡ್ಡ ಕಾರಿನಲ್ಲಿ ಡಿಕ್ಕಿಯೊಳಗೆ ಇಪ್ಪತ್ತು ಕಿಲೋ ಪೆಟ್ಟಿಗೆಯನ್ನಿಟ್ಟರೆ ಕೇಳುವವರಾರು? ಇಲ್ಲಿ ಮಾತ್ರ ತಿರುವಿನಲ್ಲಿ ರಸ್ತೆಯೇ ಕೇಳುತ್ತದೆ. ಭಾರವಾದುದೇನಾದರೂ ಇರಲೇಬೇಕಾದರೆ ಅದು ಎರಡು ಚಕ್ರಗಳ ನಡುವೆ, ನೆಲಕ್ಕೆ ಸಮೀಪವಾಗಿ ಇರತಕ್ಕದ್ದು.

ಅಗಲ ಮತ್ತು ಭಾರ ಎರಡರಲ್ಲಿಯೂ ಕಿವಿಗೂ ರಕ್ಷಣೆಗೂ ಪೈಪೋಟಿ ಇರುವುದನ್ನು ಕಂಡೆವು. ಮೂರನೆಯ ಪೈಪೋಟಿಯೊಂದುಂಟು, ಅದು ಕಿವಿಗೂ ಕಿವಿಗೂ ನಡುವಿನದು. ಲಾರಿಯ ಪಕ್ಕದಲ್ಲಿ ಇಂಥ ತಗ್ಗಿದ ಬಂಡಿ ನಿಂತರೆ ಲಾರಿಯ ಚಾಲಕನ ಕಣ್ಣಿಗೆ ಅದು ಬೀಳುವುದೇ ದುರ್ಲಭ. ಅನ್ಯರು ತನ್ನನ್ನು ಕಾಣರೆಂದು ತಿಳಿದವನು ಅನ್ಯರನ್ನು ತಾನೇ ಕೇಳಿಸಿಕೊಳ್ಳಬೇಕಾಗುತ್ತದೆ: ಹಿಂದಿನ ಹಾರ್ನು, ಆಂಬುಲೆನ್ಸಿನ ಕೂಗು, ಪಕ್ಕದಲ್ಲಿ ಉಜ್ಜುವ ಟೈರು. ಒಳಗೆ ಎಂಜಿನ್ನಿನ ಗದ್ದಲ ಹೆಚ್ಚಿದ್ದರೆ ಚಾಲಕ ಸಂಗೀತವನ್ನು ಅದಕ್ಕೂ ಮೇಲಕ್ಕೇರಿಸುತ್ತಾನೆ. ಎರಡೂ ಸೇರಿ ಹೊರಗಿನ ಎಚ್ಚರಿಕೆಯನ್ನು ಮುಳುಗಿಸುತ್ತವೆ. ಆದ್ದರಿಂದ ಎಂಜಿನ್ನಿನ ಅದುರನ್ನು ಅದರ ಮೂಲದಲ್ಲಿಯೇ, ರಬ್ಬರಿನ ಒಳ್ಳೆಯ ಆಧಾರಗಳಿಂದ ತಡೆಯುವುದು ಐಷಾರಾಮವಲ್ಲ. ಅದು ರಕ್ಷಣೆಯ ಕೆಲಸವೇ. ಕಿವಿಗೂ ಪ್ರಾಣಕ್ಕೂ ಜಗಳವಿಲ್ಲದ ಕೆಲವೇ ಎಡೆಗಳಲ್ಲಿ ಇದೊಂದು.

ಇದೆಲ್ಲವೂ ಹಳೆಯ ಕಾಲದ ಕತೆಯೆಂದು ತಳ್ಳಿಹಾಕುವಂತಿಲ್ಲ. 2009ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಎಲಿಯೋ ಎಂಬ ಸಂಸ್ಥೆ ಹುಟ್ಟಿ, ಮುಂದೆ ಎರಡು ಹಿಂದೆ ಒಂದು ಚಕ್ರದ, ಒಬ್ಬರ ಹಿಂದೊಬ್ಬರು ಕೂರುವ ಮುಚ್ಚಿದ ಬಂಡಿಯನ್ನು ಏಳು ಸಾವಿರ ಡಾಲರಿನೊಳಗೆ ಕೊಡುವೆನೆಂದಿತು. ಆ ದೇಶದ ಕೇಂದ್ರ ಸರ್ಕಾರದ ನಿಯಮಗಳಲ್ಲಿ ಮೂರು ಚಕ್ರದ್ದು ಮೋಟಾರ್ ಸೈಕಲ್ಲಿನ ವರ್ಗಕ್ಕೆ ಸೇರುವುದರಿಂದ, ಕಾರುಗಳು ಒಳಗಾಗಬೇಕಾದ ಅಪಘಾತಪರೀಕ್ಷೆಗಳು ಅದಕ್ಕೆ ಕಡ್ಡಾಯವಲ್ಲ. ಆದರೂ ಆ ಸಂಸ್ಥೆಯವರು ಮೂರು ಗಾಳಿಚೀಲಗಳನ್ನೂ ಮಗುಚಿದಾಗ ಕಾಪಾಡುವ ಉಕ್ಕಿನ ಪಂಜರವನ್ನೂ ಕೊಡುವುದಾಗಿ ಹೇಳಿದರು. ಬಾಗಿಲು ಎಡಪಕ್ಕದಲ್ಲಿ ಒಂದೇ. ಮುಚ್ಚಿದ ಬಂಡಿಯ ಚಾಲಕನಿಗೆ ಶಿರಸ್ತ್ರಾಣ ಬೇಡವೆಂದು ರಾಜ್ಯಗಳ ಕಾಯಿದೆಗಳನ್ನು ತಿದ್ದಿಸಲೂ ಅವರು ಯತ್ನಿಸಿದರು. ಹೆಲ್ಮೆಟ್ಟು ಧರಿಸಿ ಸ್ಟೀರಿಯೋ ಕೇಳುವುದು ಯಾರಿಗೂ ಬೇಡದ ಸಾಹಸವಷ್ಟೆ. ಸಾವಿರಾರು ಮಂದಿ ಮುಂಗಡ ಹಣ ಕೊಟ್ಟು ಕಾದರು. ಬಂಡಿ ಕಾರ್ಖಾನೆಯಿಂದ ಮಾರುಕಟ್ಟೆಗೆ ಬರಲೇ ಇಲ್ಲ.

ಶ್ರೋತೃಗಳೇ, ಮುಂದೆ ವಿದ್ಯುತ್ತಿನಿಂದ ಓಡುವ ಇಂಥ ಕಿರಿದಾದ ಬಂಡಿಗಳು ತಮ್ಮ ಮನೆಯ ಬಾಗಿಲಿಗೂ ಬಂದಾವು. ಮಾರುವವರು ಅದರಲ್ಲಿ ಎಷ್ಟು ಧ್ವನಿವರ್ಧಕಗಳಿವೆಯೆಂದು ಮೊದಲು ಹೇಳುತ್ತಾರೆ. ತಾವು ಅದಕ್ಕೆ ಕಿವಿಗೊಡುವ ಮುನ್ನ, ಅವು ಬಾಗಿಲಿನಲ್ಲಿವೆಯೋ ಮುಂದಿನ ಹಲಗೆಯಲ್ಲಿವೆಯೋ, ಬಾಗಿಲಿನೊಳಗೆ ಉಕ್ಕಿನ ಪಟ್ಟಿಯಿದೆಯೋ, ಭಾರವಾದ ಪೆಟ್ಟಿಗೆ ಯಾವ ಚಕ್ರದ ಮೇಲೆ ಕುಳಿತಿದೆ ಎಂಬುದನ್ನು ಕೇಳಿರಿ. ಹಿಂದಿನ ಆಸನದಲ್ಲಿ ತಮ್ಮ ಮನೆಯವರನ್ನು ಕೂರಿಸಿ, ಗಾಜು ಮುಚ್ಚಿ, ವೇಗವಾಗಿ ಒಂದು ಸುತ್ತು ಓಡಿಸಿ, ಅವರ ಅಭಿಪ್ರಾಯ ತಿಳಿದ ಮೇಲೆಯೇ ಹಣ ಕೊಡಿರಿ.